ಮೂವತ್ತು ಮೀಟರ್ ಹಗ್ಗ: ಜೆಮಿನಿ 11ರ ಪ್ರಕರಣ

1966ರ ಸೆಪ್ಟೆಂಬರ್ 14. ಭೂಮಿಯನ್ನು ಸುತ್ತುತ್ತಿದ್ದ ಅಮೆರಿಕದ ಜೆಮಿನಿ 11 ನೌಕೆಯ ಇಕ್ಕಟ್ಟಿನ ಕ್ಯಾಬಿನ್‌ನಲ್ಲಿ ಗಗನಯಾತ್ರಿಗಳಾದ ಪೀಟ್ ಕಾನ್ರಾಡ್ ಮತ್ತು ರಿಚರ್ಡ್ ಗಾರ್ಡನ್ ಒಂದು ಸಣ್ಣ ಪರೀಕ್ಷೆ ಮಾಡಿದರು. ಒಂದು ಕ್ಯಾಮೆರಾವನ್ನು ಎದುರಿನ ಉಪಕರಣ ಫಲಕಕ್ಕೆ ತಾಗಿಸಿ ಹಿಡಿದು, ಮೆಲ್ಲಗೆ ಕೈ ಬಿಟ್ಟರು. ಹಿಂದಿನ ಎರಡು ದಿನ ಹೀಗೆ ಬಿಟ್ಟ ವಸ್ತು ಬಿಟ್ಟಲ್ಲೇ ತೇಲುತ್ತಿತ್ತು. ಈ ಸಲ ಕ್ಯಾಮೆರಾ ನಿಧಾನವಾಗಿ, ನೇರ ಗೆರೆಯಲ್ಲಿ, ಕ್ಯಾಬಿನ್‌ನ ಹಿಂಭಾಗದ ಕಡೆಗೆ ಸರಿಯಿತು.

ಅದು ಬಿದ್ದದ್ದು. ತುಂಬಾ ನಿಧಾನವಾಗಿ, ಆದರೆ ಬಿದ್ದದ್ದೇ. ನೌಕೆಯ ಮೂತಿಗೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಅಜೀನಾ ಅನ್ನುವ, ಮನುಷ್ಯರಿಲ್ಲದ ರಾಕೆಟ್ ನೌಕೆ ಇತ್ತು. ಎರಡೂ ಒಂದನ್ನೊಂದು ಸುತ್ತುತ್ತಿದ್ದವು. ಆ ಸುತ್ತಾಟದಿಂದ ಕ್ಯಾಬಿನ್‌ನೊಳಗೆ ಒಂದು ಚಿಟಿಕೆಯಷ್ಟು ಕೃತಕ ಗುರುತ್ವ ಹುಟ್ಟಿತ್ತು. ಮನುಷ್ಯರಿದ್ದ ನೌಕೆಯೊಂದನ್ನು ಹಗ್ಗಕ್ಕೆ ಕಟ್ಟಿ ಹೀಗೆ ತಿರುಗಿಸಿ ನೋಡಿದ್ದು ಅದೊಂದೇ ಸಲ.

ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ: ಮಾಡಿ ನೋಡಿದರು, ಗುರುತ್ವ ತೀರಾ ಕಡಿಮೆ ಇತ್ತು, ಹಗ್ಗ ಕಿರಿಕಿರಿ ಕೊಟ್ಟಿತು. ನನಗೆ ಆ ಕಿರಿಕಿರಿಯೇ ಈ ಇಡೀ ಕಥೆಯ ತಿರುಳು ಅನ್ನಿಸುತ್ತದೆ. ಅಂಕಿಗಳನ್ನು ಹಿಡಿದು ಕೂತರೆ, ಹಗ್ಗ ಯಾಕೆ ಹಾಗೆ ಆಡಿತು ಅನ್ನುವುದು ಸಾಕಷ್ಟು ಸ್ಪಷ್ಟವಾಗುತ್ತದೆ. ಮಂಗಳಕ್ಕೆ ಹೋಗುವ ದೊಡ್ಡ ನೌಕೆಗೆ ಅದೇ ಹಗ್ಗ ಯಾಕೆ ಅಷ್ಟು ಕಾಟ ಕೊಡಲಿಕ್ಕಿಲ್ಲ ಅನ್ನುವುದೂ ಕಾಣುತ್ತದೆ.

ಹಗ್ಗ ಯಾಕೆ ಬೇಕು?

ತೂಕವಿಲ್ಲದ ಸ್ಥಿತಿ ಮೈಗೆ ಒಳ್ಳೆಯದಲ್ಲ. ಮೈಭಾರ ಹೊರುವ ಮೂಳೆಗಳು ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಗಟ್ಟಿತನ ಕಳೆದುಕೊಳ್ಳುತ್ತವೆ. ಕಾಲು ಮತ್ತು ಬೆನ್ನಿನ ಸ್ನಾಯುಗಳು ಸೊರಗುತ್ತವೆ. ರಕ್ತ ಮತ್ತು ನೀರಿನಂಶ ತಲೆಯ ಕಡೆಗೆ ಏರುತ್ತದೆ. ಕೆಲವರಿಗೆ ಕಣ್ಣಿನ ಹಿಂಭಾಗ ಊದಿ ದೃಷ್ಟಿಯೇ ಬದಲಾಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೆ ಮೀಸಲಿಡುವುದು ಇದಕ್ಕೇ. ಅಷ್ಟು ಮಾಡಿದರೂ ನಷ್ಟ ಪೂರ್ತಿ ನಿಲ್ಲುವುದಿಲ್ಲ.

ಪರಿಹಾರದ ಮೂಲ ಹಳೆಯದು. ನೀರು ತುಂಬಿದ ಬಕೆಟ್ಟನ್ನು ಹಿಡಿದು ಕೈ ಬೀಸಿ ತಿರುಗಿಸಿದರೆ, ಬಕೆಟ್ ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ, ಅಲ್ವಾ? ನೌಕೆಯನ್ನೂ ಹಾಗೆ ತಿರುಗಿಸಿದರೆ ಒಳಗಿದ್ದವರ ಕಾಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಎಷ್ಟು ಒತ್ತುತ್ತದೆ ಅನ್ನುವುದು ಎರಡು ಸಂಗತಿಯ ಮೇಲೆ ನಿಂತಿದೆ. ಒಂದು, ನಡುವಿನ ಬಿಂದುವಿನಿಂದ ಎಷ್ಟು ದೂರ ಇದ್ದೀರಿ. ಇನ್ನೊಂದು, ಎಷ್ಟು ವೇಗವಾಗಿ ತಿರುಗುತ್ತೀರಿ. ದೂರ ಎರಡರಷ್ಟಾದರೆ ಗುರುತ್ವವೂ ಎರಡರಷ್ಟು. ತಿರುಗುವ ವೇಗ ಎರಡರಷ್ಟಾದರೆ ಗುರುತ್ವ ನಾಲ್ಕರಷ್ಟು.

ಹಾಗಾದರೆ ಜೋರಾಗಿ ತಿರುಗಿಸಿದರೆ ಆಯಿತಲ್ಲ? ಇಲ್ಲಿ ನಮ್ಮ ಕಿವಿ ಅಡ್ಡ ಬರುತ್ತದೆ. ಒಳಕಿವಿಯಲ್ಲಿರುವ ಸಮತೋಲನದ ಅಂಗಕ್ಕೆ ತಿರುಗುವ ಕೋಣೆಯಲ್ಲಿ ತಲೆ ಆಡಿಸಿದರೆ ಗೊಂದಲವಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಪೆನ್ಸಕೋಲಾದಲ್ಲಿ ಆ್ಯಷ್ಟನ್ ಗ್ರೇಬೀಲ್ ಅವರ ತಂಡ ನಿಧಾನವಾಗಿ ತಿರುಗುವ ಕೋಣೆಯೊಂದರಲ್ಲಿ ಜನರನ್ನು ದಿನಗಟ್ಟಲೆ ಇರಿಸಿ ಇದನ್ನು ಪರೀಕ್ಷಿಸಿತು. ನಿಮಿಷಕ್ಕೆ ಒಂದೆರಡು ಸುತ್ತಾದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಹತ್ತು ಸುತ್ತು ಅಂದರೆ ಬಹಳಷ್ಟು ಮಂದಿಗೆ ವಾಕರಿಕೆ. ನಡುವಿನ ವೇಗಗಳಿಗೆ ನಿಧಾನವಾಗಿ ಒಗ್ಗಿಕೊಳ್ಳಬಹುದು.

ಹೀಗಾಗಿ ಗುರುತ್ವಕ್ಕೆ ದೂರವೇ ಬೇಕು. ನಿಮಿಷಕ್ಕೆ 2 ಸುತ್ತಿನಲ್ಲಿ ಭೂಮಿಯಷ್ಟು ಗುರುತ್ವ ಬೇಕಾದರೆ ನಡುವಿನಿಂದ ಸುಮಾರು 224 ಮೀಟರ್ ದೂರ ಇರಬೇಕು. ನಿಮಿಷಕ್ಕೆ 1 ಸುತ್ತು ಸಾಕೆಂದರೆ 894 ಮೀಟರ್. ಅಷ್ಟು ಅಗಲದ ಚಕ್ರವನ್ನು ಕಕ್ಷೆಯಲ್ಲಿ ಕಟ್ಟುವುದು ಯಾವ ಕಾಲಕ್ಕೋ. ಆದರೆ ಅಷ್ಟು ಉದ್ದದ ಹಗ್ಗವನ್ನು ಒಂದು ಸುರುಳಿಯಲ್ಲಿ ಸುತ್ತಿ ಒಯ್ಯಬಹುದು. ಒಂದು ತುದಿಯಲ್ಲಿ ಮನುಷ್ಯರ ಕ್ಯಾಬಿನ್, ಇನ್ನೊಂದರಲ್ಲಿ ಹೇಗೂ ಬಿಸಾಡಬೇಕಾದ ಖಾಲಿ ರಾಕೆಟ್ ಹಂತ. ಕಾಗದದ ಮೇಲೆ ಇಷ್ಟು ಅಗ್ಗದ ಗುರುತ್ವ ಬೇರೆ ಇಲ್ಲ.

ಗಾರ್ಡನ್ ಹಗ್ಗ ಕಟ್ಟಿದ ದಿನ

ಜೆಮಿನಿ 11 ಹಾರಿದ್ದು 1966ರ ಸೆಪ್ಟೆಂಬರ್ 12ರಂದು. ಅದಕ್ಕಿಂತ ಸುಮಾರು ಒಂದೂವರೆ ಗಂಟೆ ಮೊದಲೇ ಅಜೀನಾ ಕಕ್ಷೆ ಸೇರಿತ್ತು. ಮೊದಲ ಸುತ್ತು ಮುಗಿಯುವ ಮೊದಲೇ ಕಾನ್ರಾಡ್ ಅದನ್ನು ಹಿಡಿದು ತಲುಪಿದರು. ಆ ಹಾರಾಟದಲ್ಲಿ ಹೇಳಿಕೊಳ್ಳಲು ಬೇಕಾದಷ್ಟಿತ್ತು. ಅಜೀನಾದ ಎಂಜಿನ್ ಉರಿಸಿ ಅವರು ಸುಮಾರು 1,370 ಕಿಮೀ ಎತ್ತರಕ್ಕೂ ಏರಿದ್ದರು. ಹಗ್ಗದ ಪ್ರಯೋಗ ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಹಗ್ಗ ಕಟ್ಟಿದ ಮುಖ್ಯ ಉದ್ದೇಶ ಗುರುತ್ವ ಆಗಿರಲಿಲ್ಲ. ಎರಡು ನೌಕೆಗಳು ಇಂಧನ ಸುಡದೆ ಅಕ್ಕಪಕ್ಕ ಇರುವುದು ಸಾಧ್ಯವೇ ಎಂದು ನೋಡಬೇಕಿತ್ತು. ಬಿಟ್ಟರೆ ಅವು ನಿಧಾನವಾಗಿ ಬೇರೆಯಾಗುತ್ತವೆ. ಮತ್ತೆ ಮತ್ತೆ ಥ್ರಸ್ಟರ್, ಅಂದರೆ ನೌಕೆಯನ್ನು ತಳ್ಳುವ ಪುಟ್ಟ ರಾಕೆಟ್, ಉರಿಸಿ ಹತ್ತಿರ ತರಬೇಕು. ಹಗ್ಗ ಕಟ್ಟಿ ತಿರುಗಿಸಿಬಿಟ್ಟರೆ ಆ ಖರ್ಚು ಉಳಿಯುತ್ತದೆ. ಗುರುತ್ವ ಅದರ ಜೊತೆಗೆ ಬರುವ ಫಲ. ಹಾಗಾಗಿಯೇ ಎಷ್ಟು ಗುರುತ್ವ ಬೇಕು ಎಂದು ಗುರಿಯಿಟ್ಟು ಹಗ್ಗದ ಉದ್ದವನ್ನು ಆರಿಸಿದ್ದಲ್ಲ.

ಹಗ್ಗ ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನದು. ಉದ್ದ 100 ಅಡಿ, ಅಂದರೆ 30 ಮೀಟರ್. ಅಜೀನಾದ ಡಾಕಿಂಗ್ ಕೊರಳಿನಲ್ಲಿ, ಅಂದರೆ ಎರಡು ನೌಕೆಗಳು ಜೋಡಿಕೊಳ್ಳುವ ಭಾಗದಲ್ಲಿ, ಅದನ್ನು ಮಡಚಿ ಇಟ್ಟಿದ್ದರು. ಒಂದು ತುದಿ ಅಲ್ಲೇ ಭದ್ರವಾಗಿತ್ತು. ಇನ್ನೊಂದು ತುದಿಯನ್ನು ಗಗನಯಾತ್ರಿ ಹೊರಗೆ ಹೋಗಿ, ಜೆಮಿನಿಯ ಮೂತಿಯಲ್ಲಿದ್ದ ಡಾಕಿಂಗ್ ಸರಳಿಗೆ ಕಟ್ಟಬೇಕು.

ಸೆಪ್ಟೆಂಬರ್ 13ರಂದು ಗಾರ್ಡನ್ ಹೊರಗೆ ಹೋದರು. ವಿಮಾನದಲ್ಲಿ ಕೆಲವೇ ಸೆಕೆಂಡ್ ಸಿಗುವ ತೂಕವಿಲ್ಲದ ಸ್ಥಿತಿಯಲ್ಲಿ ಇದನ್ನು ಅಭ್ಯಾಸ ಮಾಡಿದ್ದರು. ನೌಕೆಯ ಮೂತಿಯ ಮೇಲೆ ಕುದುರೆ ಏರಿದಂತೆ ಕೂತು, ಕಾಲುಗಳನ್ನು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕಟ್ಟುವುದು ಎಂದಿತ್ತು. ಕಕ್ಷೆಯಲ್ಲಿ ಕಾಲು ನಿಲ್ಲಲಿಲ್ಲ. ಗಾಳಿ ತುಂಬಿ ಬಿರುಸಾದ ಉಡುಪು ಬಗ್ಗಲು ಬಿಡಲಿಲ್ಲ. ಒಂದು ಕೈಯಲ್ಲಿ ತಮ್ಮನ್ನೇ ಹಿಡಿದುಕೊಂಡು, ಇನ್ನೊಂದರಲ್ಲಿ ಕೆಲಸ ಮಾಡಬೇಕಾಯಿತು. ಹೇಗೋ ಹಗ್ಗ ಕಟ್ಟಿದರು. ಅಷ್ಟರಲ್ಲಿ ಬೆವರು ಕಣ್ಣಿಗಿಳಿದು ಉರಿಯತೊಡಗಿತ್ತು. ಮೈ ಸೋತಿತ್ತು. ಕಾನ್ರಾಡ್ ಅವರನ್ನು ಒಳಗೆ ಕರೆದುಕೊಂಡರು. ಇನ್ನೂ ಮಾಡಬೇಕಿದ್ದ ಕೆಲಸಗಳಿದ್ದರೂ 33 ನಿಮಿಷಕ್ಕೆ ಬಾಗಿಲು ಮುಚ್ಚಿತು.

ಒಂದು ಗಂಟು ಹಾಕುವುದಕ್ಕೆ ಒಬ್ಬ ಗಟ್ಟಿಮುಟ್ಟಾದ ಪೈಲಟ್‌ನ ಪೂರ್ತಿ ಶಕ್ತಿ ಬೇಕಾಯಿತು. ಹಗ್ಗದ ನೌಕೆಗಳ ಬಗ್ಗೆ ಬರೆಯುವಾಗ ನಾವು ‘ಹಗ್ಗ ಕಟ್ಟಿ’ ಎಂದು ಸುಮ್ನೆ ಬರೆದು ಮುಂದೆ ಹೋಗುತ್ತೇವೆ. ಆ ಎರಡು ಪದ ಬರೆಯುವಾಗೆಲ್ಲ ನನಗೆ ಗಾರ್ಡನ್ ನೆನಪಾಗುತ್ತಾರೆ.

ತಿರುಗಾಟ

ಮರುದಿನ, 14ರಂದು, ಕಾನ್ರಾಡ್ ಅಜೀನಾದಿಂದ ಬೇರ್ಪಟ್ಟು ನಿಧಾನವಾಗಿ ಹಿಂದಕ್ಕೆ ಸರಿದರು. ಹಗ್ಗ ಸಲೀಸಾಗಿ ಬಿಚ್ಚಿಕೊಳ್ಳಲಿಲ್ಲ. ನಡುವೆ ಸಿಕ್ಕಿಹಾಕಿಕೊಂಡು, ಎಳೆದಾಗ ಬಂತು. ಪೂರ್ತಿ ಹೊರಗೆ ಬಂದ ಮೇಲೂ ಅದು ನೇರ ನಿಲ್ಲಲಿಲ್ಲ. ನಡುವೆ ಬಿಲ್ಲಿನಂತೆ ಬಾಗಿ, ಆ ಬಾಗಿದ ಭಾಗವೇ ಸುತ್ತತೊಡಗಿತು. ಇಬ್ಬರು ಮಕ್ಕಳು ಎರಡು ತುದಿ ಹಿಡಿದು ಬೀಸುವ ಸ್ಕಿಪ್ಪಿಂಗ್ ಹಗ್ಗ ಹೇಗಿರುತ್ತದೋ ಹಾಗೆ. ಕಾನ್ರಾಡ್ ಕೂಡ ನೆಲಕ್ಕೆ ವರದಿ ಮಾಡುವಾಗ ಇದೇ ಹೋಲಿಕೆ ಕೊಟ್ಟರು. ಹಗ್ಗ ಹೀಗೆ ಆಡುತ್ತದೆ ಎಂದು ಅವರು ಎಣಿಸಿರಲಿಲ್ಲ.

ಕೆಲವು ನಿಮಿಷ ಥ್ರಸ್ಟರ್‌ಗಳನ್ನು ಹದವಾಗಿ ಬಳಸಿ ಹಗ್ಗವನ್ನು ಬಿಗಿ ಮಾಡಿದರು. ಆಮೇಲೆ ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಉರಿಸಿ ತಿರುಗಾಟ ಶುರು ಮಾಡಿದರು. ವೇಗ ನಿಮಿಷಕ್ಕೆ 38 ಡಿಗ್ರಿ. ಒಂದು ಪೂರ್ತಿ ಸುತ್ತಿಗೆ ಒಂಬತ್ತೂವರೆ ನಿಮಿಷ. ಇಷ್ಟಾದ ಮೇಲೆ ಹಗ್ಗ ನೆಟ್ಟಗಾಯಿತು. ಭೂಮಿಯ ನೆರಳಿನ ಕತ್ತಲಿಗೆ ಹೋಗಿ ಬಂದರೂ ಜೋಡಿ ಸ್ಥಿರವಾಗಿ ತಿರುಗುತ್ತಲೇ ಇತ್ತು.

ಆಗ ವೇಗ ಹೆಚ್ಚಿಸಿ ನೋಡಿ ಎಂದು ನೆಲದಿಂದ ಸೂಚನೆ ಬಂತು. ಕಾನ್ರಾಡ್ ಮತ್ತೆ ಥ್ರಸ್ಟರ್ ಉರಿಸಿದರು. ತಕ್ಷಣ ಹಗ್ಗ ಸಡಿಲವಾಗಿ ಜೋತುಬಿತ್ತು. ಮರುಕ್ಷಣ ಬಿಗಿದು ಎರಡೂ ನೌಕೆಗಳನ್ನು ಜಗ್ಗಿತು. ಜಗ್ಗಿದ ರಭಸಕ್ಕೆ ಮತ್ತೆ ಸಡಿಲ, ಮತ್ತೆ ಬಿಗಿ. ಹಗ್ಗ ಕಟ್ಟಿದ್ದು ಮೂತಿಗಾದ್ದರಿಂದ ಪ್ರತಿ ಜಗ್ಗಾಟಕ್ಕೂ ಜೆಮಿನಿಯ ಮೂತಿ ಮೇಲೆ ಕೆಳಗೆ ತೂಗಿತು, 60 ಡಿಗ್ರಿಯವರೆಗೂ. ಕಾನ್ರಾಡ್ ನಿಯಂತ್ರಣ ಹಿಡಿದು ಓಲಾಟ ಅಡಗಿಸಿದರು. ಕೊನೆಗೆ ಜೋಡಿ ನಿಮಿಷಕ್ಕೆ 55 ಡಿಗ್ರಿ ವೇಗದಲ್ಲಿ ನೆಲೆಗೊಂಡಿತು. ಒಂದು ಸುತ್ತಿಗೆ ಆರೂವರೆ ನಿಮಿಷ. ಕ್ಯಾಮೆರಾ ಹಿಂದಕ್ಕೆ ಸರಿದದ್ದು ಈ ತಿರುಗಾಟದ ಹೊತ್ತಿನಲ್ಲಿ. ಇಬ್ಬರಿಗೂ ಮೈಯಲ್ಲಿ ಮಾತ್ರ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಬೇರ್ಪಟ್ಟ ಸುಮಾರು ಮೂರು ಗಂಟೆಯ ನಂತರ ಡಾಕಿಂಗ್ ಸರಳನ್ನೇ ಕಳಚಿ ಬಿಟ್ಟರು. ಹಗ್ಗ ಅಜೀನಾದ ಜೊತೆ ಹೋಯಿತು.

ಲೆಕ್ಕ

ಈಗ ಆ ಮೂರು ಗಂಟೆಗಳನ್ನು ಲೆಕ್ಕಕ್ಕೆ ಇಳಿಸೋಣ. ಇವು ನನ್ನ ಒರಟು ಲೆಕ್ಕಗಳು, ಆದರೆ ಪ್ರಮಾಣ ತಿಳಿಯಲು ಸಾಕು.

ಜೆಮಿನಿ ಸುಮಾರು 3,800 ಕೆಜಿ. ಅಜೀನಾವೂ ಹೆಚ್ಚುಕಡಿಮೆ ಅದೇ ಸಾಲಿನದು. ಹಗ್ಗದ 30 ಮೀಟರ್‌ಗೆ ಎರಡೂ ನೌಕೆಗಳ ಅರ್ಧರ್ಧ ಉದ್ದ ಸೇರಿಸಿದರೆ, ಜೆಮಿನಿ ನಡುಬಿಂದುವಿನಿಂದ 17-18 ಮೀಟರ್ ದೂರದಲ್ಲಿ ಸುತ್ತುತ್ತಿತ್ತು. ನಿಮಿಷಕ್ಕೆ 55 ಡಿಗ್ರಿ ವೇಗದಲ್ಲಿ ಅಲ್ಲಿ ಹುಟ್ಟುವ ಗುರುತ್ವ ಭೂಮಿಯದರ ಸುಮಾರು 2,000ದಲ್ಲಿ ಒಂದು ಪಾಲು. 70 ಕೆಜಿ ಮನುಷ್ಯನ ತೂಕ ಅಲ್ಲಿ 35 ಗ್ರಾಂ. ಅದೂ ಬೆನ್ನಿನ ಕಡೆಗೆ, ಯಾಕೆಂದರೆ ನೌಕೆಯ ಮೂತಿ ಅಜೀನಾದ ಕಡೆ ಇತ್ತು. ಪಟ್ಟಿ ಬಿಗಿದು ಕೂತವರಿಗೆ ಅದು ಎಲ್ಲಿ ತಿಳಿಯಬೇಕು? ಕೈಬಿಟ್ಟ ಕ್ಯಾಮೆರಾಗೆ ತಿಳಿಯಿತು. ಅರ್ಧ ಮೀಟರ್ ಸರಿಯಲು ಅದಕ್ಕೆ ಸುಮಾರು 15 ಸೆಕೆಂಡ್ ಬೇಕು.

ಇನ್ನು ಹಗ್ಗದ ಬಿಗಿತ. 3,800 ಕೆಜಿಯ ನೌಕೆಯನ್ನು ಆ ಸುತ್ತಿನಲ್ಲಿ ಹಿಡಿದಿಡಲು ಹಗ್ಗ ಎಷ್ಟು ಎಳೆಯಬೇಕು? ಎರಡು ಕೆಜಿ ತೂಕವನ್ನು ಎತ್ತಿ ಹಿಡಿಯುವಷ್ಟೂ ಬೇಡ. ಮೊದಲಿನ 38 ಡಿಗ್ರಿ ವೇಗದಲ್ಲಿ ಒಂದು ಕೆಜಿಗೂ ಕಡಿಮೆ. ಇದಕ್ಕೆ ಎದುರಾಗಿ ಥ್ರಸ್ಟರ್‌ಗಳನ್ನು ನೋಡಿ. ಜೆಮಿನಿಯ ದಿಕ್ಕು ತಿರುಗಿಸುವ ಚಿಕ್ಕ ಥ್ರಸ್ಟರ್ ಒಂದೊಂದೂ ಸುಮಾರು 11 ಕೆಜಿ ಬಲದಿಂದ ತಳ್ಳುತ್ತಿತ್ತು. ನೌಕೆಯನ್ನು ಸರಿಸುವ ದೊಡ್ಡ ಥ್ರಸ್ಟರ್‌ಗಳದು 45 ಕೆಜಿ.

ಹಗ್ಗಕ್ಕೆ ಒಂದು ಗುಣವಿದೆ. ಅದು ಎಳೆಯಬಲ್ಲದು, ತಳ್ಳಲಾರದು. ಬಿಗಿಯಾಗಿದ್ದಾಗ ಎರಡು ನೌಕೆಗಳೂ ಒಂದೇ ವಸ್ತುವಿನಂತೆ ನಡೆಯುತ್ತವೆ. ಸಡಿಲವಾದ ಕೂಡಲೇ ಅವು ಸಂಬಂಧವಿಲ್ಲದ ಎರಡು ವಸ್ತುಗಳು. ಒಂದೊಂದೂ ತನ್ನ ಪಾಡಿಗೆ ನೇರ ಸಾಗುತ್ತದೆ. ಹಗ್ಗ ಮತ್ತೆ ಬಿಗಿಯುವಾಗ ಜಗ್ಗಾಟ ತಪ್ಪದು. ಪಾಲಿಯೆಸ್ಟರ್ ಹಗ್ಗಕ್ಕೆ ಸ್ವಲ್ಪ ಹಿಗ್ಗುವ ಗುಣವೂ ಇದೆ, ಹಾಗಾಗಿ ಜಗ್ಗಿದ ಮೇಲೆ ವಾಪಸ್ ಎಗರಿಸುತ್ತದೆ. ಅಲ್ಲಿ ಗಾಳಿಯಿಲ್ಲ, ಆ ಎಗರಾಟವನ್ನು ಬೇಗ ನುಂಗುವಂಥದ್ದು ಏನೂ ಇಲ್ಲ. ಒಂದೆರಡು ಕೆಜಿಯ ಬಿಗಿತದಲ್ಲಿ ನಿಂತಿರುವ ಹಗ್ಗದ ತುದಿಯಲ್ಲಿ 45 ಕೆಜಿಯ ಥ್ರಸ್ಟರ್ ಹಾರಿಸಿದರೆ, ಅದು ಸ್ವಲ್ಪವೇ ವಾರೆಯಾಗಿದ್ದರೂ ಸಾಕು, ಬಿಗಿತ ಮಾಯ.

ಕಾನ್ರಾಡ್ ಕೌಶಲದಲ್ಲಿ ಕೊರತೆ ಇರಲಿಲ್ಲ. ಇಷ್ಟು ಸೂಕ್ಷ್ಮ ಹಗ್ಗವನ್ನು ಅಷ್ಟು ಒರಟು ಥ್ರಸ್ಟರ್‌ಗಳಿಂದ ನಿಭಾಯಿಸಿದ್ದೇ ದೊಡ್ಡದು. ತೊಂದರೆ ಇದ್ದದ್ದು ಪ್ರಯೋಗ ನಡೆದ ಜಾಗದಲ್ಲಿ. ಹಗ್ಗದ ಎಳೆತ ಥ್ರಸ್ಟರಿನ ಬಲಕ್ಕಿಂತ ಕಡಿಮೆ ಇರುವ ವೇಗಗಳನ್ನು ‘ಸಡಿಲ ವಲಯ’ ಎಂದು ಕರೆಯೋಣ. ಜೆಮಿನಿ 11 ಅದನ್ನು ದಾಟಬೇಕಾದರೆ ಇನ್ನೂ ಐದು ಪಟ್ಟು ವೇಗವಾಗಿ ತಿರುಗಬೇಕಿತ್ತು. ಆಗ ಗುರುತ್ವ ಭೂಮಿಯದರ ನೂರರಲ್ಲಿ ಒಂದು ಪಾಲಿಗೆ ಏರಿ, ಹಗ್ಗವೇ ಯಜಮಾನ ಆಗುತ್ತಿತ್ತು. ಇಡೀ ಮೂರು ಗಂಟೆ ಅವರು ಸಡಿಲ ವಲಯದ ಒಳಗೇ ಇದ್ದರು. ಹಗ್ಗದ ತಿರುಗಾಟದ ಅತಿ ಕಷ್ಟದ ಭಾಗ ಮಾತ್ರ ಅವರಿಗೆ ಸಿಕ್ಕಿತು, ಸುಲಭದ ಭಾಗ ಸಿಗಲಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ಜೆಮಿನಿ ತಿರುಗಿತ್ತು, ಬೇಡದ ರೀತಿಯಲ್ಲಿ. ಜೆಮಿನಿ 8ರ ಒಂದು ಥ್ರಸ್ಟರ್ ಕೆಟ್ಟು ಉರಿಯುತ್ತಲೇ ಉಳಿದು, ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ಗಿರಗಿರನೆ ತಿರುಗಿದ್ದರು. ಕಣ್ಣು ಮಂಜಾಗಿ, ಎಚ್ಚರ ತಪ್ಪುವ ಹಂತಕ್ಕೆ ಬಂದಿತ್ತು. ಕಾನ್ರಾಡ್ ಮತ್ತು ಗಾರ್ಡನ್ ತಿರುಗಿದ್ದು ಅದಕ್ಕಿಂತ ಸುಮಾರು 400 ಪಟ್ಟು ನಿಧಾನ. ಒಂದೇ ವರ್ಷದಲ್ಲಿ ಎರಡು ತುದಿಗಳನ್ನೂ ಮನುಷ್ಯರು ನೋಡಿದರು. ನಮಗೆ ಬೇಕಾದ ವೇಗ ಅವುಗಳ ನಡುವೆ ಎಲ್ಲೋ ಇದೆ.

ನವೆಂಬರ್‌ನ ಇನ್ನೊಂದು ಹಗ್ಗ

ಎರಡು ತಿಂಗಳ ನಂತರ ಜೆಮಿನಿ 12ರಲ್ಲಿ ಜಿಮ್ ಲೊವೆಲ್ ಮತ್ತು ಬಜ್ ಆಲ್ಡ್ರಿನ್ ಮತ್ತೆ ಹಗ್ಗ ಕಟ್ಟಿದರು. ಆಲ್ಡ್ರಿನ್ ನೀರಿನೊಳಗೆ ಅಭ್ಯಾಸ ಮಾಡಿದ್ದರು, ಹಿಡಿದುಕೊಳ್ಳಲು ಹಿಡಿಕೆಗಳೂ ಕಾಲಿಗೆ ಆಸರೆಯೂ ಇದ್ದವು. ಗಾರ್ಡನ್ ಪಟ್ಟ ಪಾಡು ಅವರು ಪಡಲಿಲ್ಲ. ಈ ಸಲ ವೇಗವಾಗಿ ತಿರುಗಿಸಲು ಹೋಗಲಿಲ್ಲ. ಒಂದು ನೌಕೆ ಮೇಲೆ, ಒಂದು ಕೆಳಗೆ ಬರುವಂತೆ ನಿಲ್ಲಿಸಿ, ಭೂಮಿಯ ಎಳೆತದಲ್ಲಿರುವ ಸಣ್ಣ ವ್ಯತ್ಯಾಸಕ್ಕೇ ಬಿಟ್ಟರು. ಕೆಳಗಿನದನ್ನು ಭೂಮಿ ಸ್ವಲ್ಪ ಜಾಸ್ತಿ ಎಳೆಯುತ್ತದೆ, ಮೇಲಿನದು ಸ್ವಲ್ಪ ಹೊರಕ್ಕೆ ಹೋಗಲು ನೋಡುತ್ತದೆ. ಹಗ್ಗದಲ್ಲಿ ಹುಟ್ಟುವ ಬಿಗಿತ ಸುಮಾರು 30 ಗ್ರಾಂ ತೂಕದಷ್ಟೇ. ಅದರಲ್ಲೂ ಜೋಡಿ ಗಂಟೆಗಟ್ಟಲೆ ಜೊತೆಯಾಗಿ ನಿಂತಿತು. ಹಗ್ಗದಿಂದ ಇಂಧನ ಉಳಿಸಬಹುದು ಅನ್ನುವುದು ಖಚಿತವಾಯಿತು. ಗುರುತ್ವದ ಪ್ರಶ್ನೆ ಮಾತ್ರ ಅಲ್ಲೇ ನಿಂತಿತು.

ಅತ್ತ ಸೋವಿಯತ್ ಕಡೆಯಲ್ಲೂ ವೊಸ್ಖೋದ್ ನೌಕೆಯನ್ನು ಅದರದೇ ಖಾಲಿ ರಾಕೆಟ್ ಹಂತಕ್ಕೆ ಕಟ್ಟಿ ತಿರುಗಿಸುವ ಯೋಜನೆ ಇತ್ತು. 1966ರ ಜನವರಿಯಲ್ಲಿ ಸೋವಿಯತ್ ಬಾಹ್ಯಾಕಾಶ ಯೋಜನೆಯ ಮುಖ್ಯ ವಿನ್ಯಾಸಕ ಸೆರ್ಗೇ ಕೊರೊಲ್ಯೋವ್ ತೀರಿಕೊಂಡರು, ಅದೇ ವರ್ಷ ಆ ಹಾರಾಟವೂ ರದ್ದಾಯಿತು. ಎರಡೂ ಕಡೆಯವರ ಗಮನ ಚಂದ್ರನ ಮೇಲಿತ್ತು. ಚಂದ್ರನಿಗೆ ಮೂರು ದಿನದ ದಾರಿ. ಅಷ್ಟಕ್ಕೆ ಗುರುತ್ವ ಬೇಕಾಗಿರಲಿಲ್ಲ.

ಮಂಗಳದ ದಾರಿಗೆ ಇದೇ ಹಗ್ಗ

ಮಂಗಳಕ್ಕೆ ಆರು ತಿಂಗಳು ಬೇಕು. 1990ರಲ್ಲಿ ಅಮೆರಿಕದ ಎಂಜಿನಿಯರ್‌ಗಳಾದ ರಾಬರ್ಟ್ ಝುಬ್ರಿನ್ ಮತ್ತು ಡೇವಿಡ್ ಬೇಕರ್ ಮುಂದಿಟ್ಟ ಮಂಗಳಯಾನದ ಯೋಜನೆಯಲ್ಲಿ ಹಗ್ಗ ಮತ್ತೆ ಬಂತು. ಮನುಷ್ಯರ ವಸತಿ ಒಂದು ತುದಿ, ಉರಿದು ಮುಗಿದ ರಾಕೆಟ್ ಹಂತ ಇನ್ನೊಂದು ತುದಿ.

ಆ ಅಳತೆಯಲ್ಲಿ ಸಡಿಲ ವಲಯ ಎಲ್ಲಿದೆ ಎಂದು ನೋಡೋಣ. ಉದಾಹರಣೆಗೆ 25 ಟನ್ ತೂಕದ ವಸತಿ ಇಟ್ಟುಕೊಳ್ಳಿ. ಗುರಿ ಮಂಗಳದ ಗುರುತ್ವ, ಅಂದರೆ ಭೂಮಿಯದರ ಶೇಕಡಾ 38. ವೇಗ ನಿಮಿಷಕ್ಕೆ 2 ಸುತ್ತು. ನಡುವಿನಿಂದ ದೂರ 85 ಮೀಟರ್ ಬೇಕು. ವಸತಿ ಸೆಕೆಂಡಿಗೆ ಸುಮಾರು 18 ಮೀಟರ್ ವೇಗದಲ್ಲಿ ಸುತ್ತುತ್ತದೆ. ಹಗ್ಗದ ಬಿಗಿತ ಒಂಬತ್ತೂವರೆ ಟನ್ ತೂಕದಷ್ಟು. ಇದನ್ನು ತಡೆಯುವ ಹಗ್ಗ ಮಾಡುವುದು ಇವತ್ತು ಕಷ್ಟವೇ ಅಲ್ಲ.

ಈಗ ಜೆಮಿನಿಯ ದೊಡ್ಡ ಥ್ರಸ್ಟರಿನಷ್ಟೇ ಬಲದಿಂದ ಇದನ್ನು ತಿರುಗಿಸಲು ಶುರು ಮಾಡಿ. ವೇಗ ಸೆಕೆಂಡಿಗೆ 1.2 ಮೀಟರ್ ದಾಟಿದ ಮೇಲೆ ಹಗ್ಗದ ಎಳೆತ ಥ್ರಸ್ಟರಿನ ಬಲವನ್ನು ಮೀರುತ್ತದೆ. ಅಲ್ಲಿಗೆ ತಲುಪಲು ಒಂದು ನಿಮಿಷದ ಮೇಲೆ ಸ್ವಲ್ಪ ಬೇಕು. ಪೂರ್ತಿ ವೇಗಕ್ಕೆ ಇಪ್ಪತ್ತು ನಿಮಿಷದ ಒಳಗೆ. ಅಂದರೆ ಜೆಮಿನಿ 11 ಮೂರು ಗಂಟೆ ಒದ್ದಾಡಿದ ವಲಯವನ್ನು ಈ ನೌಕೆ ಸುಮಾರು ಒಂದು ನಿಮಿಷದಲ್ಲಿ ದಾಟಿ ಹೋಗುತ್ತದೆ. ಆಮೇಲೆ ಬಿಗಿತ ಏರುತ್ತಲೇ ಹೋಗುತ್ತದೆ, ಹಗ್ಗ ಸರಳಿನಂತೆ ನೆಟ್ಟಗೆ ನಿಲ್ಲುತ್ತದೆ. ಖರ್ಚಾಗುವ ಇಂಧನ ಆ ತುದಿಯಲ್ಲಿ 150 ಕೆಜಿ ಸುಮಾರು.

1966ರ ಪ್ರಯೋಗ ಓದಿದವರು ‘ಇಷ್ಟು ಸಣ್ಣ ಹಗ್ಗವೇ ಹೀಗೆ ಆಡಿದರೆ ದೊಡ್ಡದು ಇನ್ನೆಷ್ಟು ಆಡೀತು’ ಎಂದುಕೊಳ್ಳುವುದು ಸಹಜ. ನನ್ನ ಲೆಕ್ಕದಲ್ಲಿ ಅದು ಉಲ್ಟಾ. ಗುರುತ್ವ ಹೆಚ್ಚಾದಷ್ಟೂ ಹಗ್ಗ ಮಾತು ಕೇಳುತ್ತದೆ.

ಹಾಗಂತ ಎಲ್ಲ ಸಲೀಸಲ್ಲ. ಹಗ್ಗ ಬಿಚ್ಚುವ ಹಂತವೇ ಒಂದು ತಲೆನೋವು. ಹಗ್ಗ ಚಿಕ್ಕದಿದ್ದಾಗಲೇ ತಿರುಗಿಸಿ, ಆಮೇಲೆ ಉದ್ದ ಬಿಡೋಣ ಅಂದರೆ, ಉದ್ದ ಎರಡರಷ್ಟಾದಾಗ ತಿರುಗುವ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕೈ ಚಾಚಿದ ಸ್ಕೇಟರ್ ನಿಧಾನವಾಗುವ ಹಾಗೆ. ಹಗ್ಗ ಬಿಡುತ್ತಾ ಬಿಡುತ್ತಾ ಥ್ರಸ್ಟರನ್ನೂ ಉರಿಸುತ್ತಿರಬೇಕು. ಪೂರ್ತಿ ಬಿಚ್ಚಿಯೇ ತಿರುಗಿಸೋಣ ಅಂದರೆ ಕಾನ್ರಾಡ್ ನೋಡಿದ ಸ್ಕಿಪ್ಪಿಂಗ್ ಹಗ್ಗ ಮತ್ತೆ ಎದುರಾಗುತ್ತದೆ. ನನಗೆ ಮೊದಲ ದಾರಿಯೇ ಮೇಲು ಅನ್ನಿಸುತ್ತದೆ: ಇಂಧನ ಸ್ವಲ್ಪ ಹೋದರೂ ಹಗ್ಗ ಒಂದು ಕ್ಷಣವೂ ಸಡಿಲವಾಗದು. ಪ್ರಯಾಣದ ನಡುವೆ ದಾರಿ ತಿದ್ದಬೇಕಾದಾಗ, ಭೂಮಿಯ ಕಡೆ ಆಂಟೆನಾ ತಿರುಗಿಸಬೇಕಾದಾಗ, ಸೂರ್ಯನ ಕಡೆ ಫಲಕ ಹಿಡಿಯಬೇಕಾದಾಗ ಇಡೀ ನೌಕೆ ಸುತ್ತುತ್ತಿರುತ್ತದೆ ಅನ್ನುವುದೂ ನೆನಪಿರಬೇಕು.

ಸುರುಳಿ, ಬೋಲ್ಟು, ಕಿಡಿ

ಹಗ್ಗ ಬಿಚ್ಚುವ ಯಂತ್ರ ಕೈಕೊಟ್ಟ ಕಥೆ ಬೇರೆಡೆ ಇದೆ. 1992ರಲ್ಲಿ ಅಟ್ಲಾಂಟಿಸ್ ಶಟಲ್‌ನಿಂದ ಇಟಲಿಯ ಒಂದು ಉಪಗ್ರಹವನ್ನು 20 ಕಿಮೀ ಉದ್ದದ ಹಗ್ಗದ ತುದಿಯಲ್ಲಿ ಬಿಡಬೇಕಿತ್ತು. ತಿರುಗಿಸಲು ಅಲ್ಲ, ವಿದ್ಯುತ್ತಿನ ಪ್ರಯೋಗಕ್ಕೆ. ಸುಮಾರು 260 ಮೀಟರ್‌ಗೆ ಹಗ್ಗ ನಿಂತುಬಿಟ್ಟಿತು. ಸುರುಳಿಯ ಯಂತ್ರದಲ್ಲಿ ಹೊರಚಾಚಿದ್ದ ಒಂದು ಬೋಲ್ಟ್ ಅಡ್ಡ ಬಂದಿತ್ತು. 1996ರ ಫೆಬ್ರುವರಿಯಲ್ಲಿ ಕೊಲಂಬಿಯಾ ಶಟಲ್‌ನಿಂದ ಮತ್ತೆ ಬಿಟ್ಟರು. 19 ಕಿಮೀಗೂ ಹೆಚ್ಚು ಸುಂದರವಾಗಿ ಬಿಚ್ಚಿಕೊಂಡಿತು. ಆಮೇಲೆ ತುಂಡಾಯಿತು. ಹಗ್ಗದೊಳಗಿನ ತಂತಿಯ ಹೊದಿಕೆ ಒಂದು ಕಡೆ ಹಾಳಾಗಿ, ಅಲ್ಲಿ ವಿದ್ಯುತ್ ಕಿಡಿ ಹಾರಿ, ಹಗ್ಗ ಸುಟ್ಟು ಕಡಿದಿತ್ತು. ಅದೇ ವರ್ಷ ಹಾರಿದ ಇನ್ನೊಂದು ಹಗ್ಗ, 4 ಕಿಮೀ ಉದ್ದದ್ದು, ಎರಡು ಸಣ್ಣ ಉಪಗ್ರಹಗಳ ನಡುವೆ ವರ್ಷಗಟ್ಟಲೆ ಬಾಳಿತು.

ಗುರುತ್ವದ ಹಗ್ಗದಲ್ಲಿ ವಿದ್ಯುತ್ ಹರಿಯಬೇಕಿಲ್ಲ, ಹಾಗಾಗಿ ಕಿಡಿಯ ಭಯವಿಲ್ಲ. ಆದರೆ ಸಣ್ಣ ಉಲ್ಕಾಕಣ ತಾಗಬಹುದು. ಒಂದೇ ದಪ್ಪ ಹಗ್ಗದ ಬದಲು ಹಲವು ಎಳೆಗಳ ಅಗಲವಾದ ಬಲೆ ಹೆಣೆದರೆ, ಒಂದೆರಡು ಎಳೆ ಹೋದರೂ ಉಳಿದವು ಭಾರ ಹೊರುತ್ತವೆ. ಪೂರ್ತಿ ಹರಿದರೆ? ನಮ್ಮ ಉದಾಹರಣೆಯ ವಸತಿ ಸೆಕೆಂಡಿಗೆ 18 ಮೀಟರ್‌ನಂತೆ ಅಡ್ಡಕ್ಕೆ ಹೊರಟುಹೋಗುತ್ತದೆ, ಕವಣೆಯಿಂದ ಹೊರಟ ಕಲ್ಲಿನಂತೆ. ಒಳಗಿದ್ದವರಿಗೆ ಪೆಟ್ಟಾಗುವುದಿಲ್ಲ, ತೂಕ ಹೋಗಿ ತೇಲತೊಡಗುತ್ತಾರೆ ಅಷ್ಟೇ. ದಾರಿಯನ್ನು ಇಂಧನದಿಂದ ತಿದ್ದಿಕೊಳ್ಳಬಹುದು. ನಿಜವಾದ ಅಪಾಯ ಇರುವುದು ಹರಿದ ಹಗ್ಗದಲ್ಲಿ. ಒಂಬತ್ತೂವರೆ ಟನ್ ಬಿಗಿತದಲ್ಲಿ ಹಿಗ್ಗಿದ್ದ ಹಗ್ಗ ವಾಪಸ್ ಬಡಿಯುವುದು ವಸತಿಗೇ. ತುದಿಯಲ್ಲಿ ಆ ಏಟು ತಡೆಯುವ ಗುರಾಣಿ ಇರಲೇಬೇಕು.

ಬೇಕೆಂದೇ ಕಳಚುವಾಗಲೂ ಲೆಕ್ಕ ಬೇಕು. ನಿಮಿಷಕ್ಕೆ 2 ಸುತ್ತಿನಲ್ಲಿ ಒಂದು ಸೆಕೆಂಡಿಗೆ 12 ಡಿಗ್ರಿ ತಿರುಗುತ್ತದೆ. ಕಳಚುವುದು ಒಂದು ಸೆಕೆಂಡ್ ತಡವಾದರೆ ಹೋಗುವ ದಿಕ್ಕು ಅಷ್ಟು ತಪ್ಪುತ್ತದೆ. ಕಾನ್ರಾಡ್‌ಗೆ ಈ ಚಿಂತೆ ಇರಲಿಲ್ಲ. ಅವರು ಸರಳು ಕಳಚಿದಾಗ ಜೆಮಿನಿಯ ಸುತ್ತುವ ವೇಗ ಸೆಕೆಂಡಿಗೆ 30 ಸೆಂಟಿಮೀಟರ್‌ನಷ್ಟೂ ಇರಲಿಲ್ಲ.

ಇನ್ನೂ ಯಾರೂ ಮಾಡದ ಪರೀಕ್ಷೆ

ಗುರುತ್ವ ಎಷ್ಟಿದ್ದರೆ ಸಾಕು ಅನ್ನುವುದೂ ಬಾಕಿ ಇರುವ ಪ್ರಶ್ನೆ. ಭೂಮಿಯ ಪೂರ್ತಿ ಗುರುತ್ವದಲ್ಲಿ ಮೈ ಹೇಗಿರುತ್ತದೆ ಗೊತ್ತು, ಸೊನ್ನೆಯಲ್ಲಿ ಹೇಗಾಗುತ್ತದೆ ಅದೂ ಗೊತ್ತು. ನಡುವೆ ಮನುಷ್ಯ ಇದ್ದದ್ದು ಚಂದ್ರನ ಮೇಲೆ ಮಾತ್ರ, ಅತಿ ಹೆಚ್ಚೆಂದರೆ ಅಪೊಲೊ 17ರ ಮೂರು ದಿನ. ಜಪಾನಿನ ವಿಜ್ಞಾನಿಗಳು 2016ರಲ್ಲಿ ಬಾಹ್ಯಾಕಾಶ ನಿಲ್ದಾಣದ ಕಿಬೋ ಕೋಣೆಯಲ್ಲಿ ಇಲಿಗಳನ್ನು 35 ದಿನ ತಿರುಗುವ ಗೂಡುಗಳಲ್ಲಿ ಇಟ್ಟರು. ಭೂಮಿಯಷ್ಟು ಕೃತಕ ಗುರುತ್ವ ಸಿಕ್ಕ ಇಲಿಗಳ ಮೂಳೆ ಮತ್ತು ಸ್ನಾಯು ಉಳಿದವು, ಪಕ್ಕದಲ್ಲಿ ತೇಲುತ್ತಿದ್ದ ಇಲಿಗಳದು ಸೊರಗಿದವು. ತಿರುಗಾಟದಿಂದ ಬಂದ ಗುರುತ್ವವೂ ಮೈಗೆ ಗುರುತ್ವವೇ ಎಂದಾಯಿತು. ಆದರೆ ಮನುಷ್ಯನನ್ನು ಪುಟ್ಟ ಗೂಡಿನಲ್ಲಿ ತಿರುಗಿಸಲಾಗದು. ಎರಡು ಮೀಟರ್ ದೂರದಲ್ಲಿ ತಿರುಗಿಸಿದರೆ ಕಾಲಿಗೆ ಪೂರ್ತಿ ತೂಕ, ತಲೆಗೆ ಹೆಚ್ಚುಕಡಿಮೆ ಸೊನ್ನೆ. ನಮಗೆ ಹಗ್ಗದ ಉದ್ದವೇ ಬೇಕು.

ಇದಕ್ಕೆ ಮನುಷ್ಯರಿರುವ ದೊಡ್ಡ ಹಾರಾಟ ಕಾಯಬೇಕಾಗಿಲ್ಲ. ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊತ್ತ ನೌಕೆಗಳು ಹೋಗುತ್ತವೆ. ಅವುಗಳಲ್ಲಿ ಹಲವನ್ನು ಕಸ ತುಂಬಿಸಿ ವಾತಾವರಣದಲ್ಲಿ ಸುಡಲು ಬಿಡುತ್ತಾರೆ. ಅಂಥ ಒಂದು ನೌಕೆ, ಒಂದು ಖಾಲಿ ರಾಕೆಟ್ ಹಂತ, ನೂರು ಮೀಟರ್ ಹಗ್ಗ, ಹಗ್ಗದ ಎರಡೂ ತುದಿಯಲ್ಲಿ ಬಿಗಿತ ಅಳೆಯುವ ಸಾಧನ. ನಿಲ್ದಾಣದಿಂದ ದೂರ ಹೋದ ಮೇಲೆ, ಚಿಕ್ಕ ಥ್ರಸ್ಟರ್‌ಗಳಿಂದ ಸಡಿಲ ವಲಯವನ್ನು ಮೇಲಕ್ಕೆ ಹತ್ತು ಸಲ ದಾಟಿ, ಕೆಳಕ್ಕೆ ಹತ್ತು ಸಲ ಇಳಿಸಿ ನೋಡಬೇಕು. ನಿಲ್ಲಿಸುವಾಗ ಹಗ್ಗ ಹೇಗೆ ವರ್ತಿಸುತ್ತದೆ ಅನ್ನುವುದು ಜೆಮಿನಿ 11ರಲ್ಲಿ ನೋಡಲೇ ಆಗಲಿಲ್ಲ, ತಿರುಗುತ್ತಿರುವಾಗಲೇ ಸರಳು ಕಳಚಿ ಬಿಟ್ಟಿದ್ದರು. ಇಳಿಯುವ ಆ ಹತ್ತು ಸಲದ ಅಂಕಿಗಳಿಗಾಗಿ ನಾನು ಕಾಯುತ್ತಿದ್ದೇನೆ.